ಆಟದೊಳಗೂ ಒಂದು ತಹಶೀಲ್ ಕಚೇರಿ ಬೇಕಾ?

ಆನ್‌ಲೈನ್ ಆಟ ಅಂದ ಕೂಡಲೇ ನಮ್ಮಲ್ಲಿ ಎರಡೇ ಮಾತು ಕೇಳಿಬರುತ್ತವೆ. ಒಂದು, ರಮ್ಮಿ ಆಡಿ ಮನೆ ಕಳ್ಕೊಂಡವರ ಸುದ್ದಿ. ಇನ್ನೊಂದು, ಪಬ್‌ಜಿ ಹಿಡ್ಕೊಂಡು ಹುಡುಗರು ಕೆಟ್ಟರು ಅನ್ನೋ ದೂರು. ಇವೆರಡೂ ಅಲ್ಲದ ಮೂರನೇ ಬಗೆಯ ಆಟವೊಂದಿದೆ. ಅದರಲ್ಲಿ ಗೆಲ್ಲೋರೂ ಇಲ್ಲ, ಸೋಲೋರೂ ಇಲ್ಲ. ಒಂದಿಷ್ಟು ಜನ ಸೇರಿ ಒಂದು ಊರು ಕಟ್ಟುತ್ತಾರೆ. ಒಬ್ಬ ಪಿಎಸ್ಐ, ಒಬ್ಬಳು ಡಾಕ್ಟರು, ಒಬ್ಬ ಗ್ಯಾರೇಜ್ ಮೇಸ್ತ್ರಿ, ಒಬ್ಬ ಕಳ್ಳ. ಎಲ್ಲರೂ ತಂತಮ್ಮ ಪಾತ್ರದಲ್ಲೇ ಮಾತಾಡಬೇಕು. ಕಥೆ ಮುಂದೆ ಎಲ್ಲಿಗೆ ಹೋಗುತ್ತೆ ಅಂತ ಯಾರಿಗೂ ಗೊತ್ತಿರಲ್ಲ. ಇದಕ್ಕೆ ರೋಲ್‌ಪ್ಲೇ ಅಂತಾರೆ, ಹುಡುಗರ ಬಾಯಲ್ಲಿ ‘ಆರ್‌ಪಿ’.

ನಾನು ಸಿಂಧನೂರಿನವನು. ಎರಡು ವರ್ಷದಿಂದ ಇಂಥದೊಂದು ಕನ್ನಡ ಸರ್ವರ್‌ನಲ್ಲಿ ಗ್ಯಾರೇಜ್ ನಡೆಸ್ತಿದ್ದೀನಿ. ಅಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಹುಡುಗರಿದ್ದಾರೆ, ಬೆಂಗಳೂರಿನ ಪಿಜಿಯಲ್ಲಿ ಕೂತು ಕೆಲಸ ಹುಡುಕ್ತಿರೋ ನಮ್ಮೂರಿನವರಿದ್ದಾರೆ. ಗಟ್ಟಿ ಲ್ಯಾಪ್‌ಟಾಪ್ ಇದ್ದವರು ಜಿಟಿಎ-5ರ ಊರೊಳಗೆ ಕಾರು ಓಡಿಸ್ತಾರೆ. ಇಲ್ಲದವರು ಮೊಬೈಲ್ ಹಿಡ್ಕೊಂಡು ಡಿಸ್ಕಾರ್ಡ್‌ನಲ್ಲಿ ಬರೀ ಬರಹ, ಮಾತಿನಲ್ಲೇ ಅದೇ ಊರಿನ ಪಾತ್ರ ಆಡ್ತಾರೆ. ಆ ಊರು ಈಗ ಅರ್ಧ ಖಾಲಿ. ಆಟ ಬೇಜಾರಾಗಿ ಅಲ್ಲ, ಅರ್ಜಿ ಹೆಚ್ಚಾಗಿ.

ಇದು ಒಂದು ಸರ್ವರ್‌ನ ಗೋಳಾಗಿದ್ದರೆ ಇಲ್ಲಿ ಬರೀತಿರಲಿಲ್ಲ. ಚುನಾವಣೆಗೆ ನಿಲ್ಲದ, ಪಕ್ಷಕ್ಕೆ ಸೇರದ, ಗ್ರಾಮಸಭೆಗೆ ಹೋದರೂ ಬಾಯಿ ತೆರೆಯದ ನೂರಾರು ಹುಡುಗ ಹುಡುಗಿಯರು ಮೊದಲ ಸಲ ತಾವೇ ನಿಯಮ ಬರೆದು, ತಾವೇ ಜಾರಿ ಮಾಡಿ, ತಾವೇ ಮುರಿಯೋದನ್ನ ಕಲೀತಿರೋದು ಇಂಥ ಕಡೆ. ಅಲ್ಲಿ ಅವರು ಕಲೀತಿರೋ ಆಡಳಿತ ಎಂಥದ್ದು ಅನ್ನೋದು ರಾಜಕೀಯ ಪ್ರಶ್ನೆಯೇ. ಜೊತೆಗೆ ದಿಲ್ಲಿಯೂ ಈಗ ಆನ್‌ಲೈನ್ ಆಟಕ್ಕೆ ತನ್ನದೇ ಕಾನೂನು ತಂದಿದೆ.

ಪ್ರತಿ ನಿಯಮದ ಹಿಂದೆ ಒಂದು ಜಗಳ

ಯಾವ ಸರ್ವರ್ ಕೂಡ ಮೊದಲ ದಿನವೇ ಸರ್ಕಾರಿ ಕಚೇರಿ ಥರ ಇರಲ್ಲ. ಶುರುವಿನಲ್ಲಿ ನಾಲ್ಕೈದು ಸಾಲಿನ ನಿಯಮ ಇರುತ್ತೆ. ಕಾರಣ ಇಲ್ಲದೆ ಯಾರನ್ನೂ ಗುಂಡಿಟ್ಟು ಕೊಲ್ಲಬಾರದು. ಆಟದ ಹೊರಗೆ ಗೊತ್ತಾದ ವಿಷಯವನ್ನ ಆಟದೊಳಗೆ ಬಳಸಬಾರದು. ಇದಕ್ಕೆ ‘ಮೆಟಾಗೇಮಿಂಗ್’ ಅಂತ ಹೆಸರು. ಎದುರಿನವನಿಗೆ ಉತ್ತರ ಕೊಡೋಕೆ ಜಾಗವೇ ಇಲ್ಲದಂಗೆ ನಿನ್ನ ಪಾತ್ರವನ್ನ ಬಲಶಾಲಿ ಮಾಡ್ಕೋಬಾರದು, ಇದು ‘ಪವರ್‌ಗೇಮಿಂಗ್’. ಬೈಗುಳ ಬೇಡ. ಇಷ್ಟೇ.

ಆಮೇಲೆ ಒಂದು ಜಗಳ ಆಗುತ್ತೆ. ಪೊಲೀಸ್ ಪಾತ್ರದವನು ತನ್ನ ಗೆಳೆಯ ಕಳ್ಳನನ್ನ ಬಿಟ್ಟು ಕಳಿಸಿದ ಅಂತ ದೂರು ಬರುತ್ತೆ. ಪೊಲೀಸ್ ಆಗೋಕೆ ಅರ್ಜಿ ಹಾಕಬೇಕು ಅನ್ನೋ ನಿಯಮ ಹುಟ್ಟುತ್ತೆ. ಅರ್ಜಿ ನೋಡೋಕೆ ಒಂದು ತಂಡ ಬೇಕಾಗುತ್ತೆ. ತಂಡದವರ ಮೇಲೆ ದೂರು ಬಂದಾಗ ಆ ದೂರು ಕೇಳೋಕೆ ಇನ್ನೊಂದು ತಂಡ. ಒಂದೇ ವರ್ಷದಲ್ಲಿ ನಿಯಮಾವಳಿ ಓದೋಕೆ ಒಂದು ಸಂಜೆ ಬೇಕಾಗುತ್ತೆ. ಹೊಸಬ ಬಂದರೆ ಮೊದಲು ಅರ್ಜಿ, ಆಮೇಲೆ ಸಂದರ್ಶನ, ಆಮೇಲೆ ‘ವೈಟ್‌ಲಿಸ್ಟ್’ ಆಗೋ ತನಕ ಕಾಯೋದು. ಒಂದು ಅಂಗಡಿ ಇಡಬೇಕು ಅಂದ್ರೂ ‘ಟಿಕೆಟ್’ ತೆರೀಬೇಕು. ಟಿಕೆಟ್‌ಗೆ ಉತ್ತರ ಯಾವಾಗ ಬರುತ್ತೆ ಅಂತ ಕೇಳೋಕೆ ಮತ್ತೊಂದು ಟಿಕೆಟ್.

ಮಸ್ಕಿ ಕಡೆಯ ಒಬ್ಬ ಹುಡುಗ ವಾಯ್ಸ್ ಚಾನೆಲ್‌ನಲ್ಲಿ ಹೇಳಿದ್ದು ನೆನಪಿದೆ: "ಅಣ್ಣಾ, ಜಾತಿ ಸರ್ಟಿಫಿಕೇಟ್‌ಗೆ ತಿರುಗಾಡಿ ಸಾಕಾಗಿ ಇಲ್ಲಿಗೆ ಆಡಾಕ ಬಂದ್ರ, ಇಲ್ಲೂ ನಾಳಿ ಬಾ ಅಂತಾರಲ್ಲ." ಎಲ್ಲರೂ ನಕ್ಕರು. ಅಡ್ಮಿನ್‌ಗಳೂ ನಕ್ಕರು. ಅವನ ಅರ್ಜಿ ಮಾತ್ರ ಅಲ್ಲೇ ಕೂತಿತ್ತು.

ಅವನ ಮಾತಿನಲ್ಲಿ ನಗುವಿಗಿಂತ ದೊಡ್ಡ ವಿಷಯ ಇದೆ. ನಮಗೆ ಆಡಳಿತ ಅಂದ್ರೆ ಏನು ಅಂತ ಯಾರು ಕಲಿಸಿದರು? ಶಾಲೆಯ ಪೌರನೀತಿ ಪಾಠ ಕಲಿಸಲಿಲ್ಲ, ಕಲಿಸಿದ್ದು ತಾಲ್ಲೂಕು ಕಚೇರಿ. ಮಸ್ಕಿ ಪಟ್ಟಣದವರು ತಾಲ್ಲೂಕಿನ ಕೆಲಸಕ್ಕೆ ಲಿಂಗಸುಗೂರಿಗೆ ಅಲೀತಿದ್ದ ದಿನಗಳು ತೀರಾ ಹಳೆಯವೇನಲ್ಲ; 2017ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಿದ 49 ಹೊಸ ತಾಲ್ಲೂಕುಗಳಲ್ಲಿ ಮಸ್ಕಿಯೂ ಒಂದು. ಅಪ್ಪನ ಹಿಂದೆ ಪಹಣಿಗೆ, ಆದಾಯ ಪ್ರಮಾಣಪತ್ರಕ್ಕೆ ಸಾಲಲ್ಲಿ ನಿಂತು ಬೆಳೆದ ಹುಡುಗರು ನಾವು. ಅಧಿಕಾರ ಇರೋ ಕಡೆ ಕಿಟಕಿ ಇರುತ್ತೆ, ಕಿಟಕಿ ಆಚೆ ಒಬ್ಬ ಇರ್ತಾನೆ, ಅವನಿಗೆ ನಮ್ಮನ್ನ ಕಾಯಿಸೋ ಹಕ್ಕಿದೆ ಅಂತ ನಂಬಿಬಿಟ್ಟಿದ್ದೀವಿ. ನಮ್ಮ ಕೈಗೆ ಒಂದು ಊರು ಕಟ್ಟೋ ಅವಕಾಶ ಸಿಕ್ಕಾಗ ಮೊದಲು ಕಟ್ಟಿದ್ದು ಅದೇ ಕಿಟಕಿ.

ನಿಯಮ ಇಲ್ಲದಿದ್ದರೆ ಯಾರ ರಾಜ್ಯ?

"ಹಂಗಾದ್ರ ರೂಲ್ಸ್ ಎಲ್ಲಾ ತೆಗದ್ ಹಾಕ್ರಿ, ಆರಾಮ್ ಆಡೋಣು" ಅನ್ನೋ ಗುಂಪೂ ಇದೆ. ಈ ಮಾತು ಕೇಳೋಕೆ ಚೆಂದ. ಆದರೆ ಇದನ್ನ ಹೇಳೋರು ಯಾರು ಅಂತ ಸ್ವಲ್ಪ ಗಮನಿಸಿ. ಸಾಮಾನ್ಯವಾಗಿ ಅವರು ಸರ್ವರ್ ಶುರು ಮಾಡಿದವನ ಗೆಳೆಯರು. ಅವರಿಗೆ ನಿಯಮ ಬೇಕಿಲ್ಲ, ಯಾಕಂದ್ರೆ ಅವರಿಗೆ ಫೋನ್ ನಂಬರ್ ಗೊತ್ತು.

ನಿಯಮ ಬೇಕಾಗಿರೋದು ಹೊಸಬರಿಗೆ, ಒಬ್ಬರೇ ಬಂದವರಿಗೆ, ಹೆಣ್ಣುಮಕ್ಕಳಿಗೆ. ಒಬ್ಬಳು ಹುಡುಗಿ ಮೈಕ್ ಆನ್ ಮಾಡಿದ ಕೂಡಲೇ ಕಥೆ ನಿಂತು ಇನ್‌ಸ್ಟಾಗ್ರಾಂ ಐಡಿ ಕೇಳೋದು ಶುರುವಾಗುತ್ತೆ. ‘ಪಾತ್ರದಲ್ಲಿ ಹೇಳಿದೆ’ ಅನ್ನೋ ನೆಪದಲ್ಲಿ ಜಾತಿ ಹಿಡಿದು ಬೈಯೋರು ಇದ್ದಾರೆ. ಇಂಥ ಕಡೆ ‘ಆರಾಮ್ ಆಡೋಣು’ ಅಂದ್ರೆ ಜೋರು ದನಿಯವನು ಆರಾಮ್, ಉಳಿದವರು ಲಾಗೌಟ್ ಅಂತ ಅರ್ಥ. ಅಮೆರಿಕದ ಸ್ತ್ರೀವಾದಿ ಜೋ ಫ್ರೀಮನ್ 1970ರ ದಶಕದ ಶುರುವಿನಲ್ಲೇ ಮಹಿಳಾ ಸಂಘಟನೆಗಳ ಅನುಭವದಿಂದ ಇದನ್ನ ಬರೆದಿದ್ದರು. ನಮ್ಮಲ್ಲಿ ನಾಯಕರಿಲ್ಲ, ನಿಯಮಗಳಿಲ್ಲ ಅಂತ ಹೇಳ್ಕೊಳ್ಳೋ ಗುಂಪಿನಲ್ಲೂ ಅಧಿಕಾರ ಇದ್ದೇ ಇರುತ್ತೆ. ಅದು ಕಾಣಿಸದೆ ಇರೋದರಿಂದ ಅದನ್ನ ಪ್ರಶ್ನಿಸೋಕೂ ಆಗಲ್ಲ ಅನ್ನೋದು ಅವರ ವಾದದ ಸಾರ.

ನಮ್ಮ ಕಡೆಯವರಿಗೆ ಇದನ್ನ ಅರ್ಥ ಮಾಡಿಸೋಕೆ ಪುಸ್ತಕ ಬೇಕಿಲ್ಲ, ಕಾಲುವೆ ಸಾಕು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಸರದಿ ಅನ್ನೋದು ಕಾಗದದ ಮೇಲೆ ಮಾತ್ರ ಉಳಿದಾಗ ಯಾರ ಹೊಲ ಒಣಗುತ್ತೆ? ಮೇಲ್ಭಾಗದವರದಲ್ಲ, ಕೊನೆಭಾಗದವರದು. ಸರ್ವರ್‌ನಲ್ಲೂ ಮೇಲ್ಭಾಗ, ಕೊನೆಭಾಗ ಇದೆ. ಲ್ಯಾಪ್‌ಟಾಪ್ ಇದ್ದವನು, ರಾತ್ರಿಯಿಡೀ ಎಚ್ಚರ ಇರಬಲ್ಲವನು, ಅಡ್ಮಿನ್ ಗೆಳೆಯನಾಗಿರುವವನು ಮೇಲ್ಭಾಗದವನು. ಮೊಬೈಲ್ ಡೇಟಾ ಮುಗಿಯೋದರೊಳಗೆ ಒಂದು ಗಂಟೆ ಆಡಿ ಹೋಗೋನು ಕೊನೆಭಾಗದವನು. ನಿಯಮ ತೀರಾ ಹೆಚ್ಚಾದರೂ ಒಣಗೋನು ಅವನೇ, ನಿಯಮವೇ ಇಲ್ಲದಿದ್ದರೂ ಒಣಗೋನು ಅವನೇ.

ಹಾಗಾಗಿ ನಿಯಮ ಹೆಚ್ಚಿರಬೇಕಾ ಕಡಿಮೆ ಇರಬೇಕಾ ಅನ್ನೋ ಪ್ರಶ್ನೆಯೇ ನಮ್ಮನ್ನ ದಾರಿ ತಪ್ಪಿಸುತ್ತೆ. ಕೇಳಬೇಕಾದ್ದು ಎರಡು. ನಿಯಮವನ್ನ ಯಾರು ಬರೀತಾರೆ? ಅದು ಆಟದ ಒಳಗೆ ಕೆಲಸ ಮಾಡುತ್ತಾ, ಆಟವನ್ನ ಹೊರಗೆ ನಿಲ್ಲಿಸುತ್ತಾ?

ಮೂವತ್ತು ವರ್ಷದ ಹಿಂದಿನ ಊರು

ಈ ತಿಕ್ಕಾಟಕ್ಕೆ ದೊಡ್ಡ ಇತಿಹಾಸವೇ ಇದೆ. ಹಲವರು ಒಟ್ಟಿಗೆ ಒಂದು ಕಲ್ಪಿತ ಲೋಕಕ್ಕೆ ಹೊಕ್ಕು ಆಡುವ ಮೊದಲ ಕಂಪ್ಯೂಟರ್ ಆಟಗಳಲ್ಲಿ ಒಂದಾದ ‘ಮಡ್’ ಹುಟ್ಟಿದ್ದು 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ. ಚಿತ್ರ ಇಲ್ಲ, ಬರೀ ಅಕ್ಷರ. ಆ ದಾರಿಯಲ್ಲೇ 1990ರಲ್ಲಿ ಅಮೆರಿಕದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ಪಾವೆಲ್ ಕರ್ಟಿಸ್ ‘ಲ್ಯಾಂಬ್ಡಾಮೂ’ ಶುರು ಮಾಡಿದರು. ಅಲ್ಲಿ ಅಡ್ಮಿನ್‌ಗಳಿಗೆ ‘ವಿಝರ್ಡ್’, ಅಂದ್ರೆ ಮಾಂತ್ರಿಕರು, ಅನ್ನೋ ಹೆಸರು.

ದಿನಾ ಜಗಳ ಬಿಡಿಸಿ ಸುಸ್ತಾದ ಮಾಂತ್ರಿಕರು 1992ರ ಕೊನೆಗೆ ಒಂದು ಘೋಷಣೆ ಹೊರಡಿಸಿದರು: ಇನ್ನು ನಾವು ಬರೀ ತಾಂತ್ರಿಕ ಕೆಲಸ ನೋಡ್ಕೋತೀವಿ, ನಿಮ್ಮ ನಿಮ್ಮ ತಂಟೆ ನೀವೇ ಬಗೆಹರಿಸಿಕೊಳ್ಳಿ. ಕೆಲವೇ ತಿಂಗಳಲ್ಲಿ, 1993ರಲ್ಲಿ, ಒಬ್ಬ ಆಟಗಾರ ಉಳಿದವರ ಪಾತ್ರಗಳು ತಮ್ಮ ಮೇಲೇ ಲೈಂಗಿಕ ಹಿಂಸೆ ಮಾಡಿಕೊಳ್ಳುವಂತೆ ತೋರಿಸೋ ಬರಹ ಎಲ್ಲರ ಪರದೆ ಮೇಲೆ ಮೂಡಿಸಿದ. ನೊಂದವರು ನಿಜವಾದ ಜನ. ಊರಿನವರೆಲ್ಲ ಸಭೆ ಸೇರಿ ಗಂಟೆಗಟ್ಟಲೆ ಮಾತಾಡಿದರು, ತೀರ್ಮಾನಕ್ಕೆ ಬರಲಿಲ್ಲ. ಕೊನೆಗೆ ಒಬ್ಬ ಮಾಂತ್ರಿಕ ತಾನೊಬ್ಬನೇ ನಿರ್ಧರಿಸಿ ಆ ಪಾತ್ರವನ್ನ ಅಳಿಸಿಹಾಕಿದ. ಪತ್ರಕರ್ತ ಜೂಲಿಯನ್ ಡಿಬ್ಬೆಲ್ ಅದೇ ವರ್ಷ ಇದರ ಬಗ್ಗೆ ಬರೆದ ಲೇಖನ ಇವತ್ತಿಗೂ ಚರ್ಚೆಯಲ್ಲಿದೆ.

ಆಮೇಲೆ ಕರ್ಟಿಸ್ ಮನವಿ ಸಲ್ಲಿಸೋ, ಮತ ಹಾಕೋ ವ್ಯವಸ್ಥೆ ತಂದರು. ಯಾರು ಬೇಕಾದರೂ ಮನವಿ ಬರೀಬಹುದು, ಸಾಕಷ್ಟು ಸಹಿ ಬಂದರೆ ಮತಕ್ಕೆ ಹೋಗುತ್ತೆ, ಗೆದ್ದರೆ ಮಾಂತ್ರಿಕರು ಜಾರಿ ಮಾಡಬೇಕು. ಕಾಗದದ ಮೇಲೆ ಪೂರ್ಣ ಪ್ರಜಾಪ್ರಭುತ್ವ. ಆದರೆ 1996ರ ಹೊತ್ತಿಗೆ ಮಾಂತ್ರಿಕರೇ ಮತ್ತೆ ಅಧಿಕಾರ ಕೈಗೆ ತಗೊಂಡರು. ತಾಂತ್ರಿಕ ನಿರ್ಧಾರ ಬೇರೆ, ಸಾಮಾಜಿಕ ನಿರ್ಧಾರ ಬೇರೆ ಅಂತ ಗೆರೆ ಎಳೆಯೋಕೇ ಆಗಲ್ಲ ಅಂತ ಅವರು ಒಪ್ಪಿಕೊಂಡರು.

ಇದರಿಂದ ‘ಪ್ರಜಾಪ್ರಭುತ್ವ ನಡೆಯಲ್ಲ, ಒಬ್ಬ ಗಟ್ಟಿ ಅಡ್ಮಿನ್ ಬೇಕು’ ಅನ್ನೋ ಪಾಠ ತಗೊಳ್ಳೋರಿದ್ದಾರೆ. ನನಗೆ ಕಾಣೋದು ಬೇರೆ. ಅಲ್ಲಿ ಎರಡು ಬೇರೆ ಬೇರೆ ಕೆಲಸಕ್ಕೆ ಒಂದೇ ಕಚೇರಿ ಇಟ್ಟಿದ್ದರು. ಒಬ್ಬರಿಗೆ ಹಿಂಸೆ ಆದಾಗ ತಕ್ಷಣ ತಡೆಯೋದು ಒಂದು ಕೆಲಸ. ಊರಿನಲ್ಲಿ ಅಂಗಡಿ ಎಲ್ಲಿರಬೇಕು, ಮೇಯರ್ ಯಾರಾಗಬೇಕು ಅಂತ ನಿರ್ಧರಿಸೋದು ಇನ್ನೊಂದು. ಮೊದಲನೆಯದಕ್ಕೆ ವೇಗ ಬೇಕು, ಎರಡನೆಯದಕ್ಕೆ ಚರ್ಚೆ ಬೇಕು. ನಮ್ಮ ಸರ್ವರ್‌ಗಳಲ್ಲಿ ಇದು ಉಲ್ಟಾ ಆಗಿದೆ. ಕಿರುಕುಳದ ದೂರು ವಾರಗಟ್ಟಲೆ ಟಿಕೆಟ್‌ನಲ್ಲಿ ಕೊಳೆಯುತ್ತೆ, ಮೇಯರ್ ಯಾರು ಅನ್ನೋದನ್ನ ಅಡ್ಮಿನ್ ಒಂದೇ ನಿಮಿಷದಲ್ಲಿ ತೀರ್ಮಾನಿಸ್ತಾನೆ.

ಸಾರಥಿ ಮಾಡೋ ಕೆಲಸ

ಪಾತ್ರ ಹಾಕಿ ಗುಂಪಾಗಿ ಆಡೋದು ನಮ್ಮ ಭಾಗಕ್ಕೆ ಇಂಟರ್ನೆಟ್ ಜೊತೆ ಬಂದ ಸಂಗತಿಯಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್‌ನಲ್ಲಿ ಮೊಹರಂ ಬಂದರೆ ಹಿಂದೂ, ಮುಸ್ಲಿಂ ಅನ್ನದೆ ಜನ ಸೇರ್ತಾರೆ. ಹರಕೆ ಹೊತ್ತವರು ಫಕೀರರಾಗ್ತಾರೆ, ಹುಲಿವೇಷ ಹಾಕ್ತಾರೆ. ಹಬ್ಬ ಮುಗಿದ ಮರುದಿನ ಹುಲಿ ಮತ್ತೆ ಅಂಗಡಿಯಲ್ಲಿ ಕೂತಿರುತ್ತೆ. ಹಳ್ಳಿಗಳಲ್ಲಿ ಬಯಲಾಟ, ಸಾಮಾಜಿಕ ನಾಟಕ ಇದ್ದವು, ಇನ್ನೂ ಇವೆ. ಹಗಲು ಹೊಲದಲ್ಲಿ ದುಡಿದವನು ರಾತ್ರಿ ತಾಲೀಮಿಗೆ ಬಂದು ದುರ್ಯೋಧನ ಆಗ್ತಾನೆ.

ಅಲ್ಲಿ ನಿಯಮ ಕಡಿಮೆ ಇತ್ತು ಅಂದ್ಕೋಬೇಡಿ. ಪಾತ್ರ ಹಂಚೋದರಲ್ಲಿ ಕ್ರಮ ಇತ್ತು, ತಾಲೀಮಿಗೆ ತಪ್ಪಿಸಿಕೊಳ್ಳೋ ಹಾಗಿರಲಿಲ್ಲ, ಮಾಸ್ತರ ಹೇಳಿದ್ದು ಹೇಳಿದಂಗೆ. ಆದರೆ ದೊಡ್ಡಾಟದಲ್ಲಿ ಒಂದು ಜಾಣತನ ಇದೆ, ಅದರ ಹೆಸರು ಸಾರಥಿ. ಯಾವ ರಾಜ ರಂಗಕ್ಕೆ ಬಂದರೂ ಸಾರಥಿ ಅಡ್ಡ ನಿಂತು ಕೇಳ್ತಾನೆ: ಯಾರಪ್ಪ ನೀನು, ಯಾವ ದೇಶ, ಇಲ್ಲಿಗೆ ಬಂದ ಕಾರಣ ಏನು? ರಾಜ ಆದವನು ತನ್ನ ಹೆಸರು, ವಂಶ, ಪರಾಕ್ರಮ ಎಲ್ಲ ಹೇಳಿ ಒಪ್ಪಿಸಬೇಕು. ಸರಿಯಾಗಿ ಹೇಳದಿದ್ದರೆ ಸಾರಥಿ ಕಾಲೆಳೀತಾನೆ, ಜನ ನಗ್ತಾರೆ.

ಇದನ್ನ ಸರ್ವರ್ ಭಾಷೆಗೆ ತಿರುಗಿಸಿ ನೋಡಿ. ಸಾರಥಿ ಕೇಳ್ತಿರೋದು ವೈಟ್‌ಲಿಸ್ಟ್ ಸಂದರ್ಶನದ ಪ್ರಶ್ನೆಗಳನ್ನೇ. ಪಾತ್ರ ಯಾರು, ಹಿನ್ನೆಲೆ ಏನು, ಯಾಕೆ ಬಂದೆ? ಆದರೆ ಅವನು ಅದನ್ನ ಕಚೇರಿಯಲ್ಲಿ ಕೇಳಲ್ಲ, ರಂಗದ ಮೇಲೆ ಕೇಳ್ತಾನೆ. ಅರ್ಜಿಯೇ ಆಟದ ಮೊದಲ ದೃಶ್ಯ ಆಗಿಬಿಡುತ್ತೆ. ಇನ್ನೊಂದು ವಿಷಯ: ಮೇಲ್ವಿಚಾರಣೆ ಮಾಡೋ ಸಾರಥಿಯೇ ಆಟದಲ್ಲಿ ಎಲ್ಲರಿಗಿಂತ ಹೆಚ್ಚು ನಗಿಸೋನು. ಅವನು ಆಡೋದು ಬಿಟ್ಟು ಕಿಟಕಿ ಆಚೆ ಹೋಗಿ ಕೂತಿಲ್ಲ.

ನಮ್ಮ ಸರ್ವರ್‌ನಲ್ಲಿ ಇದಕ್ಕೊಂದು ಪುಟ್ಟ ಸಾಕ್ಷಿ ಇದೆ. ಗಾಡಿ ಲೈಸೆನ್ಸ್‌ಗೆ ಮೊದಲು ಒಂದು ಫಾರಂ ಇತ್ತು, ಯಾರೂ ತುಂಬ್ತಿರಲಿಲ್ಲ. ಆಮೇಲೆ ಒಬ್ಬ ಹಿರಿಯ ಆಟಗಾರ ತಾನೇ ಆರ್‌ಟಿಒ ಬ್ರೋಕರ್ ಪಾತ್ರ ಹಾಕಿ ಕೂತ. "ಫೋಟೊ ತಂದೀಯೇನ್ ತಮ್ಮಾ? ಇಲ್ಲಾ? ಹಂಗಾರ ನಾಳಿ ಬಾ, ಇಲ್ಲಾ ಎರಡು ಚಾ ಹೇಳು" ಅಂತ ಶುರು ಮಾಡಿದರೆ ಸಾಲು ಹತ್ತಿತು. ಲೈಸೆನ್ಸ್ ಇಲ್ಲದೆ ಗಾಡಿ ಓಡಿಸೋರು ಕಡಿಮೆ ಆದರು. ನಿಯಮ ಅದೇ, ಕಾಗದವೂ ಅದೇ. ಬದಲಾಗಿದ್ದು ಅದು ಎಲ್ಲಿ ನಡೀತು ಅನ್ನೋದು. ನಿಜ ಜೀವನದಲ್ಲಿ ನಮ್ಮನ್ನ ಗೋಳು ಹೊಯ್ಕೊಳ್ಳೋ ವ್ಯವಸ್ಥೆಯನ್ನೇ ಅಣಕ ಮಾಡಿ ನಗೋ ಅವಕಾಶವೂ ಸಿಕ್ತು. ಅಣಕ ಕೂಡ ರಾಜಕೀಯ ಶಿಕ್ಷಣವೇ.

ಬಯಲಾಟವನ್ನ ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಹೆಣ್ಣಿನ ಪಾತ್ರವನ್ನೂ ಗಂಡಸರೇ ಹಾಕ್ತಿದ್ದರು. ರಾಜನ ಪಾತ್ರಕ್ಕೆ ಯಾವ ಓಣಿಯವನು, ಹಲಗೆ ಬಡಿಯೋಕೆ ಯಾವ ಕೇರಿಯವನು ಅನ್ನೋದು ಅನೇಕ ಊರಲ್ಲಿ ತಾಲೀಮಿಗೆ ಮುಂಚೆಯೇ ತೀರ್ಮಾನ ಆಗಿರ್ತಿತ್ತು. ಸರ್ವರ್‌ನಲ್ಲಿ ಆ ಗೋಡೆ ಸ್ವಲ್ಪ ಬಿರುಕು ಬಿಟ್ಟಿದೆ, ಯಾಕಂದ್ರೆ ಅಡ್ಡಹೆಸರು ಕೇಳದೆ ಪಾತ್ರ ಸಿಗುತ್ತೆ. ಹಾಗಾಗಿ ಹಳೆಯದರಿಂದ ಸಾರಥಿಯನ್ನ ತಗೊಳ್ಳೋಣ, ಕೇರಿಯ ಲೆಕ್ಕ ಅಲ್ಲೇ ಬಿಡೋಣ.

ದಿಲ್ಲಿಯ ನಿಯಮಾವಳಿ

ಈಗ ದೊಡ್ಡ ಅಡ್ಮಿನ್ ಕಡೆ ಬರೋಣ. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ 2025ರ ಆಗಸ್ಟ್ 20ರಂದು ಲೋಕಸಭೆಯಲ್ಲಿ, ಮರುದಿನ ರಾಜ್ಯಸಭೆಯಲ್ಲಿ ಅಂಗೀಕಾರ ಆಯ್ತು. ಆಗಸ್ಟ್ 22ಕ್ಕೆ ರಾಷ್ಟ್ರಪತಿ ಅಂಕಿತವೂ ಬಿತ್ತು. ಮೂರು ದಿನ. ನಮ್ಮ ಸರ್ವರ್‌ನಲ್ಲಿ ಅಂಗಡಿ ಟಿಕೆಟ್ ಇದಕ್ಕಿಂತ ನಿಧಾನ.

ಹಣ ಕಟ್ಟಿ ಆಡೋ ಆಟಗಳನ್ನ ಈ ಕಾಯ್ದೆ ನಿಷೇಧಿಸುತ್ತೆ. ಅಂಥ ಆಟ ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಇ-ಸ್ಪೋರ್ಟ್ಸ್ ಮತ್ತು ‘ಸಾಮಾಜಿಕ ಆಟ’ಗಳಿಗೆ ಜಾಗ ಕೊಡುತ್ತೆ. ಪಣ ಇಲ್ಲದ, ಮನರಂಜನೆಗಾಗಿ ಆಡೋ ಆಟ ಸಾಮಾಜಿಕ ಆಟ; ಅದಕ್ಕೆ ಪ್ರವೇಶ ಶುಲ್ಕ, ಚಂದಾ ತಗೋಬಹುದು, ಆದರೆ ಅದು ಪಣ ಆಗಬಾರದು. ಸಾಲದ ಸುಳಿಗೆ ಸಿಕ್ಕ ಕುಟುಂಬಗಳನ್ನ ನೋಡಿದವರಿಗೆ ಇಂಥ ಕಾನೂನು ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಿಲ್ಲ. ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇದೇ ಪ್ರಯತ್ನ ಮಾಡಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನ ರದ್ದು ಮಾಡಿತ್ತು.

ರೋಲ್‌ಪ್ಲೇ ಸರ್ವರ್ ಸಾಮಾಜಿಕ ಆಟದ ಸಾಲಿಗೇ ಬರುತ್ತೆ ಅಂತ ಮೇಲ್ನೋಟಕ್ಕೆ ಅನಿಸುತ್ತೆ. ಆದರೆ ಎಚ್ಚರ ತಪ್ಪೋ ಜಾಗ ಒಂದಿದೆ. ಸರ್ವರ್ ಬಾಡಿಗೆ ಕಟ್ಟೋಕೆ ‘ಡೊನೇಷನ್’ ತಗೊಂಡು, ಅದಕ್ಕೆ ಬದಲಾಗಿ ಆಟದೊಳಗಿನ ದುಡ್ಡು ಕೊಡೋ ಪದ್ಧತಿ ಇದೆ. ಅದೇ ಊರಿನಲ್ಲಿ ಒಂದು ಕ್ಯಾಸಿನೊ ಕೂಡ ಇರುತ್ತೆ. ದುಡ್ಡು ಕೊಟ್ಟು ತಗೊಂಡ ಕಾಯಿನ್, ಟೋಕನ್‌ಗಳನ್ನೂ ಕಾಯ್ದೆ ಪಣದ ಲೆಕ್ಕಕ್ಕೆ ತಗೋಬಹುದು. ನಿಜವಾದ 500 ರೂಪಾಯಿ ಆಟದ ಲಕ್ಷ ಆಗಿ, ಆ ಲಕ್ಷ ಕ್ಯಾಸಿನೊ ಮೇಜಿಗೆ ಹೋದರೆ, ‘ಇದು ಬರೀ ಪಾತ್ರ ಸಾರ್’ ಅನ್ನೋ ಉತ್ತರ ಸಾಕಾಗದೆ ಇರಬಹುದು. ಹತ್ತೊಂಬತ್ತು ವರ್ಷದ ಅಡ್ಮಿನ್ ಒಬ್ಬ ಇದನ್ನ ಯೋಚಿಸಿರೋ ಸಾಧ್ಯತೆ ಕಡಿಮೆ. ಮೂರು ದಿನದಲ್ಲಿ ಕಾಯ್ದೆ ಮಾಡಿದ ಸಂಸತ್ತು ಅಂಥ ಅಡ್ಮಿನ್ ಒಬ್ಬನಿದ್ದಾನೆ ಅಂತ ಯೋಚಿಸಿರೋ ಸಾಧ್ಯತೆ ಇನ್ನೂ ಕಡಿಮೆ.

ಎರಡನೆಯದು ವಯಸ್ಸಿನ ವಿಷಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ 18 ತುಂಬದವರ ಮಾಹಿತಿ ಬಳಸೋಕೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು, ಮುಖ್ಯ ಅಂಶಗಳ ಜಾರಿಗೆ ಒಂದೂವರೆ ವರ್ಷದ ಸಮಯ ಇದೆ. ಉದ್ದೇಶ ಮಕ್ಕಳ ರಕ್ಷಣೆ. ಆದರೆ ಕೆಳಗೆ ಇಳಿದು ಬರುವಾಗ ಅದು ಏನಾಗುತ್ತೆ ಗೊತ್ತಾ? ‘ಆಧಾರ್ ಫೋಟೊ ಕಳಿಸು, ವಯಸ್ಸು ನೋಡ್ತೀವಿ’ ಅಂತ ಒಬ್ಬ ಅಪರಿಚಿತ ಹುಡುಗ ಇನ್ನೊಬ್ಬ ಹುಡುಗಿಯನ್ನ ಡಿಸ್ಕಾರ್ಡ್‌ನಲ್ಲಿ ಕೇಳೋ ಮಟ್ಟಕ್ಕೆ ಬರುತ್ತೆ. ಇದನ್ನ ನಾನು ಕಣ್ಣಾರೆ ನೋಡಿದ್ದೀನಿ. ದೊಡ್ಡ ಕಂಪನಿಯ ಕೈಯಲ್ಲೇ ಗುರುತಿನ ಚೀಟಿ ಸುರಕ್ಷಿತ ಅಲ್ಲ. 2025ರ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್‌ ತಾನೇ ಹೇಳಿಕೊಂಡ ಪ್ರಕಾರ, ಅದರ ಹೊರಗುತ್ತಿಗೆ ಸಂಸ್ಥೆಯೊಂದರ ಮೂಲಕ ಸುಮಾರು 70,000 ಬಳಕೆದಾರರ ಸರ್ಕಾರಿ ಗುರುತಿನ ಚೀಟಿಯ ಚಿತ್ರಗಳು ಸೋರಿರೋ ಸಾಧ್ಯತೆ ಇತ್ತು. ಹೀಗಿರುವಾಗ ಒಂದು ಗೂಗಲ್ ಡ್ರೈವ್ ಫೋಲ್ಡರ್‌ನಲ್ಲಿ ನಮ್ಮೂರ ಮಕ್ಕಳ ಆಧಾರ್ ಇಡೋದು ರಕ್ಷಣೆಯಲ್ಲ, ಅಪಾಯ.

ಆಡೋರನ್ನ ಕೇಳದೆ ಮಾಡಿದ ನಿಯಮ ಹೇಗಿರುತ್ತೆ ಅನ್ನೋದಕ್ಕೆ ಬಯಲಾಟದಲ್ಲೇ ಉದಾಹರಣೆ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಬಳಸೋ ಹಾಗಿಲ್ಲ, ಸರ್ಕಾರ ಕೆಲವು ದಿನ ಸಡಿಲ ಮಾಡಬಹುದು. ನಗರದಲ್ಲಿ ನಿದ್ದೆಗೆಟ್ಟವರಿಗೆ ಈ ನಿಯಮ ಬೇಕಿತ್ತು, ಅದು ನ್ಯಾಯವೇ. ಆದರೆ ರಾತ್ರಿ ಶುರುವಾಗಿ ಬೆಳಗಿನ ಜಾವಕ್ಕೆ ಮುಗಿಯೋ ಆಟದ ಲೆಕ್ಕ ಆ ಕಾಗದ ಬರೆದವರ ಮನಸ್ಸಿನಲ್ಲಿ ಇದ್ದಂತಿಲ್ಲ.

ಕಾಠ್ಮಂಡುವಿನಿಂದ ಮಸ್ಕಿಗೆ

‘ಆಟದ ಸರ್ವರ್ ಬಗ್ಗೆ ಇಷ್ಟು ತಲೆ ಕೆಡಿಸ್ಕೋಬೇಕಾ’ ಅನ್ನೋರು ನೇಪಾಳ ನೆನಪಿಸ್ಕೊಳ್ಳಿ. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಸಾಮಾಜಿಕ ಜಾಲತಾಣಗಳನ್ನ ನಿಷೇಧಿಸಿತು. ಭ್ರಷ್ಟಾಚಾರದ ಮೇಲೆ ಮೊದಲೇ ಸಿಟ್ಟಿದ್ದ ಯುವಜನ ಬೀದಿಗಿಳಿದರು, ಗೋಲಿಬಾರ್ ಆಯ್ತು, ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು. ಮುಂದೆ ಯಾರು ಅಂತ ಚರ್ಚಿಸೋಕೆ ಸಾವಿರಾರು ಯುವಕರು ಸೇರಿದ್ದು ಡಿಸ್ಕಾರ್ಡ್‌ನ ಸರ್ವರ್ ಒಂದರಲ್ಲಿ. ಅಲ್ಲಿನ ಮತದಾನದಲ್ಲಿ ಮುಂದೆ ಬಂದ ಹೆಸರು ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಅವರದು. ಸೆಪ್ಟೆಂಬರ್ 12ರಂದು ಅವರೇ ಹಂಗಾಮಿ ಪ್ರಧಾನಿ ಆದರು.

ಆ ಮತದಾನ ಎಷ್ಟು ಸರಿ, ಅದರಲ್ಲಿ ಯಾರ್ಯಾರು ಇದ್ದರು, ಇಂಟರ್ನೆಟ್ ಇಲ್ಲದ ಹಳ್ಳಿಯವರ ದನಿ ಎಲ್ಲಿ ಅನ್ನೋ ಪ್ರಶ್ನೆಗಳು ನ್ಯಾಯವಾದವೇ. ಒಂದಂತೂ ಖಾತ್ರಿ: ಆಟ ಆಡೋರಿಗಂತ ಹುಟ್ಟಿದ ವೇದಿಕೆಯಲ್ಲಿ ಒಂದು ದೇಶದ ಯುವಜನ ಸಭೆ ನಡೆಸಿದರು. ಮೈಕ್ ಯಾರಿಗೆ ಕೊಡಬೇಕು, ಗಲಾಟೆ ಮಾಡೋನನ್ನ ಹೇಗೆ ತಡೀಬೇಕು, ಸುಳ್ಳು ಸುದ್ದಿ ಹೇಗೆ ಅಳಿಸಬೇಕು ಅನ್ನೋ ಕೆಲಸಗಳು ಆಟದ ಸರ್ವರ್‌ನಲ್ಲೂ ಇವೇ, ಅಲ್ಲೂ ಇವೇ.

ಹಾಗಾದರೆ ಏನು ಮಾಡೋಣ

ನಮ್ಮ ಸರ್ವರ್‌ನಲ್ಲಿ ಉಳಿದಿರೋ ಕೆಲವರು ಸೇರಿ ಒಂದಿಷ್ಟು ಬದಲಾವಣೆ ಮುಂದಿಟ್ಟಿದ್ದೀವಿ. ಎಲ್ಲ ಒಪ್ಪಿಗೆ ಆಗಿಲ್ಲ, ವಾದ ನಡೀತಿದೆ. ಬೇರೆ ಸರ್ವರ್‌ಗಳಿಗೂ, ಕಾಲೇಜು ಸಂಘಗಳಿಗೂ, ಹೋರಾಟದ ವಾಟ್ಸಾಪ್ ಗುಂಪುಗಳಿಗೂ ಇವು ಕೆಲಸಕ್ಕೆ ಬರಬಹುದು.

ಮೊದಲು, ಎರಡು ಬಗೆ ನಿಯಮ ಬೇರೆ ಮಾಡೋದು. ಜಾತಿನಿಂದನೆ, ಲೈಂಗಿಕ ಕಿರುಕುಳ, ಬೆದರಿಕೆ, ಫೋಟೊ ದುರ್ಬಳಕೆ ಇವು ಆಟದ ಮಾತೇ ಅಲ್ಲ. ಇಲ್ಲಿ ‘ಪಾತ್ರದಲ್ಲಿದ್ದೆ’ ಅನ್ನೋ ನೆಪ ನಡೆಯಲ್ಲ. ಮೂವರ ತಂಡ, ಅದರಲ್ಲಿ ಹೆಣ್ಣುಮಕ್ಕಳು ಇರಲೇಬೇಕು, 24 ಗಂಟೆಯೊಳಗೆ ಕ್ರಮ. ಉಳಿದ ಎಲ್ಲ ನಿಯಮ ಆಟದ ನಿಯಮ, ಅವನ್ನ ಆಡೋರು ಚರ್ಚಿಸಿ ಬದಲಾಯಿಸಬಹುದು.

ಎರಡನೆಯದು, ಆಟದ ನಿಯಮವನ್ನ ಸಾಧ್ಯವಾದಷ್ಟು ಆಟದೊಳಗೇ ಆಡಿಸೋದು. ಅರ್ಜಿ ಬದಲು ಸಾರಥಿ. ಅಂಗಡಿ ಬೇಕಾ? ಪುರಸಭೆಯ ದೃಶ್ಯ ಆಡು. ದೂರಿದೆಯಾ? ಪಂಚಾಯ್ತಿ ಕಟ್ಟೆಯ ದೃಶ್ಯ ಆಡು.

ಮೂರನೆಯದು, ಕಾಲಮಿತಿ. ಕರ್ನಾಟಕದಲ್ಲಿ 2011ರ ಸಕಾಲ ಕಾಯ್ದೆ ಇದೆ. ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಅರ್ಜಿದಾರರು ಪರಿಹಾರ ಕೇಳಬಹುದು. ಎಷ್ಟು ಜನ ಕೇಳ್ತಾರೆ ಅನ್ನೋದು ಬೇರೆ ಮಾತು, ಅದರ ಹಿಂದಿನ ವಿಚಾರ ಮಾತ್ರ ಸರಿ: ಕಾಯಿಸೋದಕ್ಕೂ ಬೆಲೆ ಇರಬೇಕು. ನಮ್ಮ ಪ್ರಸ್ತಾಪ ಇದು: ಐದು ದಿನದಲ್ಲಿ ಉತ್ತರ ಬರದ ಟಿಕೆಟ್ ಮಂಜೂರು ಆದಂತೆ.

ನಾಲ್ಕನೆಯದು, ಪ್ರತಿ ಆಟದ ನಿಯಮಕ್ಕೂ ಆರು ತಿಂಗಳ ಆಯುಷ್ಯ. ಯಾರೂ ಅದನ್ನ ಮತ್ತೆ ಬೇಕು ಅಂತ ಕೇಳದಿದ್ದರೆ ತಾನಾಗೇ ಬಿದ್ದುಹೋಗಲಿ. ಹಳೆಯ ಜಗಳದ ನಿಯಮವನ್ನ ಹೊಸಬರು ಯಾಕೆ ಹೊರಬೇಕು?

ಐದನೆಯದು, ಅಡ್ಮಿನ್ ಆದವನು ವಾರಕ್ಕೆ ಒಂದು ದಿನವಾದರೂ ಸಾಮಾನ್ಯ ಪಾತ್ರ ಹಾಕಿ ಆಡಬೇಕು, ಆಗಾಗ ಮೊಬೈಲ್‌ನಿಂದಲೇ ಆಡಬೇಕು. ಕೊನೆಭಾಗದ ಹೊಲಕ್ಕೆ ನೀರು ಬರುತ್ತಾ ಇಲ್ವಾ ಅಂತ ಅಲ್ಲಿಗೆ ಹೋದವನಿಗೆ ಮಾತ್ರ ಗೊತ್ತಾಗೋದು. ಆಧಾರ್ ಅಥವಾ ಯಾವ ಗುರುತಿನ ಚೀಟಿಯನ್ನೂ ಯಾರೂ ಕೇಳೋ ಹಾಗಿಲ್ಲ. ಡೊನೇಷನ್‌ಗೆ ಬದಲಾಗಿ ಆಟದ ದುಡ್ಡು ಕೊಡೋ ಹಾಗಿಲ್ಲ.

ಕಡೆಯದು, ಉದ್ದ. ಮಸ್ಕಿಯ ಬಂಡೆ ಮೇಲೆ ಅಶೋಕ ಕೆತ್ತಿಸಿದ ಶಾಸನ ನಮಗೆಲ್ಲ ಗೊತ್ತು. 1915ರಲ್ಲಿ ಬೆಳಕಿಗೆ ಬಂದಾಗ ‘ದೇವಾನಾಂಪ್ರಿಯ’ ಅಂದ್ರೆ ಅಶೋಕನೇ ಅಂತ ಖಚಿತ ಮಾಡಿದ್ದು ಅದು. ಅದನ್ನ ನಾವು ಇತಿಹಾಸದ ಪರೀಕ್ಷೆಗೆ ಓದಿ ಬಿಟ್ಟುಬಿಡ್ತೀವಿ. ಅದು ಒಂದು ಸರ್ಕಾರಿ ಪ್ರಕಟಣೆ ಅನ್ನೋದನ್ನ ಮರೀತೀವಿ. ನಾಲ್ಕಾರು ಸಾಲಲ್ಲಿ ಮುಗಿಯುತ್ತೆ. ಅದರ ಸಾರ ಹೆಚ್ಚುಕಡಿಮೆ ಇಷ್ಟು: ಈ ದಾರಿಯಲ್ಲಿ ನಡೆದರೆ ಸಣ್ಣವರೂ ಮೇಲಕ್ಕೆ ಮುಟ್ಟಬಹುದು, ಇದು ದೊಡ್ಡವರಿಗೆ ಮಾತ್ರ ಅಂತ ತಿಳೀಬೇಡಿ. ಹೊಸದಾಗಿ ಬಂದ ಹುಡುಗನಿಗೆ ಒಂದು ಊರು ಹೇಳಬೇಕಾದ ಮೊದಲ ಮಾತು ಇದೇ. ನಮ್ಮ ನಿಯಮಾವಳಿಯನ್ನ ಒಂದು ಬಂಡೆ ಮೇಲೆ ಕೆತ್ತಿಸಬೇಕಾಗಿ ಬಂದಿದ್ದರೆ ಅದರಲ್ಲಿ ಎಷ್ಟು ಉಳೀತಿತ್ತು, ಎಷ್ಟು ತಾನಾಗೇ ಹೋಗ್ತಿತ್ತು? ಸಂಸತ್ತಿಗೂ ಇದೇ ಲೆಕ್ಕ ಕೇಳಬಹುದು.

ಈ ಪ್ರಸ್ತಾಪಗಳ ಮೇಲೆ ಮುಂದಿನ ಭಾನುವಾರ ರಾತ್ರಿ ಮತ. ಮೊಬೈಲ್‌ನವರಿಗೆ ಡೇಟಾ ಉಳಿಯೋ ಹಾಗೆ ಮತದಾನ ಬರಹದಲ್ಲೇ ನಡೆಯುತ್ತೆ, ಮೈಕ್ ಬೇಕಿಲ್ಲ. ಇಷ್ಟನ್ನ ಮಾತ್ರ ಈಗಾಗಲೇ ಎಲ್ಲರೂ ಒಪ್ಪಿದ್ದಾರೆ.